ಗುಡ್ಡದ ನೆತ್ತಿಯಲ್ಲಿ ಕೆಂಪು ಸೀರೆ

ಯಲಹಂಕಕ್ಕೂ ಸೋಲದೇವನಹಳ್ಳಿಗೂ ನಡುವೆ ಇದ್ದ ನಮ್ಮ ಗುಡ್ಡವನ್ನು ಬೆಟ್ಟ ಎಂದರೆ ಪೇಟೆಯವರು ನಗುತ್ತಿದ್ದರು. ನಗಲಿ. ಸುತ್ತಲಿನ ಊರುಗಳಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದದ್ದು ಅದೇ. ನೆತ್ತಿಯಲ್ಲಿ ಕೆಂಪು ಸೀರೆ ಬೀಸಿದರೆ ಹೆರಿಗೆ, ಸೂಲಗಿತ್ತಿ ಬರಬೇಕು. ಬಿಳಿ ಬಟ್ಟೆ ಬೀಸಿದರೆ ಸಾವು, ಎಲ್ಲರೂ ಬರಬೇಕು.

ಐವತ್ತರ ದಶಕದ ಕೊನೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನಿಗೆ ಬೆಳಗಿನಿಂದಲೇ ನೋವು. ಅಪ್ಪ ಗಾಡಿ ಕಟ್ಟಿಕೊಂಡು ಯಶವಂತಪುರಕ್ಕೆ ಹೋಗಿದ್ದ. ಸೂಲಗಿತ್ತಿಯ ಮನೆ ಗುಡ್ಡದ ಆಚೆ ಬುಡದಲ್ಲಿ. ಸುತ್ತಿಕೊಂಡು ಹೋಗಿ ಕರೆತರಲು ಅರ್ಧ ದಿನ ಬೇಕು. ಅಮ್ಮನಿಲ್ಲದ ನಮ್ಮನ್ನು ಸಾಕಿದ ಅಜ್ಜಿ, ಅಕ್ಕನ ಸೀಮಂತದ ಸೀರೆಯನ್ನು ನನ್ನ ಕೈಗೆ ತುರುಕಿದಳು.

"ಓಡವ್ವ. ಮಗು ಅಡ್ಡ ನಿಂತೈತೆ. ಅವ್ಳು ಬರ್ದಿದ್ರೆ ಇಬ್ರೂ ಉಳಿಯಲ್ಲ."

ನೆತ್ತಿ ಹತ್ತಿ ಬೀಸಿದೆ. ಆಚೆ ಕೆಳಗೆ ಜನ ತಲೆಯೆತ್ತಿ ನೋಡಿದರು. ನೋಡಿದವರು ಗುಡ್ಡಕ್ಕೆ ಬೆನ್ನು ಹಾಕಿ ಓಡತೊಡಗಿದರು! ಸೂಲಗಿತ್ತಿಯೂ ಮೇಕೆಮರಿಯನ್ನು ಅವಚಿಕೊಂಡು ಓಡಿದಳು. ನನಗೆ ದಿಕ್ಕೇ ತೋಚಲಿಲ್ಲ. ಆಮೇಲೆ ಹೊಳೆಯಿತು. ಆ ಕಡೆ ಆ ವರ್ಷವಷ್ಟೇ ಕಲ್ಲಿನ ಕ್ವಾರಿ ಶುರುವಾಗಿತ್ತು. ಬಂಡೆಗೆ ಮದ್ದು ಸಿಡಿಸುವ ಮುನ್ನ ಅವರೂ ಕೆಂಪು ಬಾವುಟ ಬೀಸುತ್ತಿದ್ದರು. ಕ್ವಾರಿ ಬಂದ ಮೇಲೆ ನಮ್ಮೂರಲ್ಲಿ ಇದೇ ಮೊದಲ ಹೆರಿಗೆ. ಯಾರಿಗೂ ಈ ಯೋಚನೆ ಬಂದಿರಲಿಲ್ಲ. ನಾನು ಬೀಸಿದಷ್ಟೂ ಅವರು ದೂರ ಓಡಿದರು. ಗಂಟಲು ಹರಿಯುವಂತೆ ಕೂಗಿದರೂ ಕೇಳಿಸಲಿಲ್ಲ. ಇಳಿದುಹೋಗೋಣವೆಂದರೆ ಹಾಳಾದ ಕ್ವಾರಿಯವರು ಆ ಇಳಿಜಾರನ್ನೇ ಕಡಿದು ಹಾಕಿದ್ದರು.

ಉಳಿದಿದ್ದದ್ದು ನಾನುಟ್ಟ ಒಳಲಂಗ, ಬಿಳಿಯದು. ಬದುಕಿರುವ ಅಕ್ಕ ಸತ್ತಳೆಂದು ನಾನೇ ಸಾರಬೇಕೇ? ಅಳುತ್ತಲೇ ಅದನ್ನು ಬಿಚ್ಚಿ ಬೀಸಿದೆ. ಓಡುತ್ತಿದ್ದವರು ನಿಂತರು.

ಕೆಂಪಿನ ಹಿಂದೆಯೇ ಬಿಳಿ ಕಂಡು ಹೆರುವವಳೇ ಹೋದಳೆಂದುಕೊಂಡವರು, ಬಿಸಿಲು ಇಳಿಯುವ ಹೊತ್ತಿಗೆ ಹೂವಿನ ಹಾರ ಹಿಡಿದು ನಮ್ಮ ಮನೆಗೆ ಬಂದರು. ನಾನು ಬಾಯಿ ಬಿಡುವ ಮೊದಲೇ ಹೆಂಗಸರು ಅಂಗಳದಲ್ಲಿ ಎದೆ ಬಡಿದುಕೊಂಡು ಅಳತೊಡಗಿದರು. ಒಳಗಿನಿಂದ ಅಕ್ಕನ ದನಿ ಕೇಳಿಸಿತು.

"ಯಾರವ್ವಾ ಸತ್ತೋದ್ರು?"

ಸೂಲಗಿತ್ತಿ, "ಬಾಯ್ ಮುಚ್ಚ್ರೇ, ಜೀವ ಐತೆ!" ಎಂದು ಎಲ್ಲರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದಳು.

ಅಕ್ಕ ಉಳಿದಳು. ಮಗು ಅಳಲೇ ಇಲ್ಲ. ಅಕ್ಕನಿಗೆಂದು ತಂದಿದ್ದ ಹಾರ ಅದಕ್ಕೆ ದೊಡ್ಡದಾಯಿತು. ಅಜ್ಜಿ ಎರಡು ಸುತ್ತು ಸುತ್ತಿದಳು.