ಚಾಪೆ ಎಂದರೆ ಸಾಕು

“ಲೇ ಪದ್ಮಾ, ಹೊಸ ಚಾಪೆ ಹಾಸೇ!” ಎಂದು ಅಜ್ಜಿ ನನ್ನನ್ನು ಕೂಗಿದ್ದೇ ತಡ, ನಮ್ಮ ನಾಯಿ ರಾಜ ಹಿತ್ತಲಿನಿಂದ ಓಡಿಬಂದ. ಅಕ್ಕನನ್ನು ನೋಡಲು ಚಿಕ್ಕಜಾಲದಿಂದ ಯಲಹಂಕಕ್ಕೆ ಬಂದಿದ್ದ ಗಂಡಿನ ಕಡೆಯವರು ಪಡಸಾಲೆಯಲ್ಲಿ ಇನ್ನೂ ನಿಂತೇ ಇದ್ದರು. ರಾಜ ಅವರ ನಡುವೆ ನುಸುಳಿ, ನಾನು ಆಗಷ್ಟೇ ಬಿಡಿಸಿದ ಚಾಪೆಯ ಮೇಲೆ ಮಲಗಿ, ಮುದ್ದೆಯ ಚೂರಿಗಾಗಿ ನನ್ನ ಮುಖ ನೋಡಿದ.

‘ಚಾಪೆ’ ಎಂದರೆ ಹಿತ್ತಲಿನ ಹರಕು ಚಾಪೆಯಲ್ಲಿ ಮಲಗುವುದನ್ನು ಬೇಸಿಗೆ ರಜೆಯಿಡೀ ಅವನಿಗೆ ಕಲಿಸಿದ್ದೆ. ಅವನು ಒಮ್ಮೆಯೂ ತಪ್ಪದ ದಿನವನ್ನು ದಿನಚರಿಯಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೆ. ಆದರೆ ನೆಂಟರು ಬರುತ್ತಾರೆಂದು ಅಮ್ಮ ಆ ಹರಕನ್ನು ಬೆಳಿಗ್ಗೆಯೇ ನೀರೊಲೆಗೆ ಹಾಕಿದ್ದಳು.

ಅಪ್ಪನ ಮುಖ ಬಿಳಿಚಿಕೊಂಡಿತು. ಈ ಸಂಬಂಧ ಕೂಡಿಬರಲೆಂದು ಅವರು ದೇವರಿಗೆ ಹರಕೆ ಹೊತ್ತಿದ್ದರು. ಅಷ್ಟರಲ್ಲಿ ಗಂಡಿನ ಅಜ್ಜಿ ಸೊಂಟ ಹಿಡಿದುಕೊಂಡು ರಾಜನ ಪಕ್ಕದಲ್ಲೇ ಕೂತರು.

“ಎಬ್ಬಿಸ್ಬ್ಯಾಡ್ರಮ್ಮ. ನಮ್ಮುಡ್ಗ ಒಂದಿನಾನಾದ್ರೂ ಇಂಗೆ ಏಳಿದ್ ಮಾತು ಕೇಳವ್ನಾ?”

ಬಾಗಿಲ ಹಿಂದಿನಿಂದ ಅಕ್ಕ ಕಿಸಕ್ಕನೆ ನಕ್ಕಳು. ತಲೆ ತಗ್ಗಿಸಿ ನಿಂತಿದ್ದ ಗಂಡು ಆ ನಗುವಿನ ಕಡೆಗೆ ತಿರುಗಿದರು.

ಈಗ ನಮ್ಮ ಮನೆಯಲ್ಲಿ ಯಾರೂ ಆ ಪದ ಆಡುವುದಿಲ್ಲ, ‘ಹಾಸೋದು’ ಎನ್ನುತ್ತೇವೆ. ಭಾವ ಮಾತ್ರ ಬಂದಾಗಲೆಲ್ಲ ಹೊಸಿಲಲ್ಲೇ ನಿಂತು “ಚಾಪೆ!” ಎಂದು ಕೂಗುತ್ತಾರೆ. ರಾಜನಿಗಿಂತ ಮೊದಲು ಅಕ್ಕನೇ ನಗುತ್ತಾಳೆ.