ಮೂವತ್ತನೇ ನಂಬರಿನ ಎಣ್ಣೆ

ನಾನು ಸೊಸೆಯಾಗಿ ಚಿತ್ರದುರ್ಗಕ್ಕೆ ಬಂದಾಗ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ನಡೆಯುತ್ತಿದ್ದದ್ದು ಮಾವನವರ ಕಾರಿಗೆ. ಬಬ್ಬೂರಿನ ಕೃಷಿ ಫಾರಮ್ಮಿನಲ್ಲಿ ಕೆಲವು ಕಾಲ ಇದ್ದ ಪರದೇಶದವರೊಬ್ಬರು ತಮ್ಮೂರಿಗೆ ಹಿಂತಿರುಗುವಾಗ ಮಾರಿ ಹೋಗಿದ್ದ ಹಳೇ ಗಾಡಿ ಅದು. ಬೆನ್ನು ಗುಂಡಗೆ, ಇಂಜಿನ್ನು ಹಿಂದೆ. ರೇಡಿಯೇಟರ್ ಇಲ್ಲ, ನೀರು ಹಾಕುವ ಮಾತೇ ಇಲ್ಲ. ಫ್ಯಾನಿನ ಗಾಳಿ ಮತ್ತು ಒಳಗೆ ಸುತ್ತುವ ಎಣ್ಣೆ, ಇವೆರಡೇ ಅದನ್ನು ತಣ್ಣಗಿಡಬೇಕು. ಹಾಗಾಗಿ ಎಣ್ಣೆಯ ವಿಷಯದಲ್ಲಿ ಮಾವನವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಯಾರೋ ಹೇಳಿದರೆಂದು ತೆಳ್ಳನೆಯ ಎಣ್ಣೆ ಹಾಕಿಸಿ, ಇಂಜಿನ್ನು ಬಿಸಿಯೇರಿ ಹಿಡಿದುಕೊಂಡು, ಅದನ್ನು ಪೂರ್ತಿ ಬಿಚ್ಚಿಸಬೇಕಾಗಿ ಬಂದಿತ್ತಂತೆ. ನಂಬರು ಹೆಚ್ಚಿದಷ್ಟೂ ಎಣ್ಣೆ ಮಂದ; ಅಂದಿನಿಂದ ವರ್ಷವಿಡೀ ಐವತ್ತನೇ ನಂಬರಿನದೇ. ಜೇನುತುಪ್ಪದಷ್ಟು ಮಂದ.

ನನಗೆ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕೆಲಸ. ನಮ್ಮವರು ಹೊಸದುರ್ಗದ ಬ್ಯಾಂಕಿನಲ್ಲಿದ್ದು ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮದುವೆಯಾದ ಮೇಲೆ ನಾನು ಕೆಲಸ ಬಿಡುತ್ತೇನೆಂದೇ ಬೀದಿಯವರೆಲ್ಲ ತಿಳಿದಿದ್ದರು. ಮಾವನವರು ಮಾತ್ರ, "ಬಸ್ಸಿನ ನೂಕುನುಗ್ಗಲಾಗೆ ಯಾಕೆ ಒದ್ದಾಡ್ತೀಯಮ್ಮ, ಗಾಡಿ ಐತೆ, ನಾನಿದೀನಿ" ಎಂದು ದಿನಾ ಬೆಳಿಗ್ಗೆ ನನ್ನನ್ನು ಹೊಳಲ್ಕೆರೆಗೆ ಬಿಟ್ಟು ಬರತೊಡಗಿದರು. ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್ ಆಗಿ ರಿಟೈರಾದವರು. ಆ ರಸ್ತೆಯ ಒಂದೊಂದು ಮೋರಿಯೂ ಅವರಿಗೆ ಗೊತ್ತು. ದಾರಿಯುದ್ದಕ್ಕೂ ಅವುಗಳ ಕಥೆ ಹೇಳುತ್ತಿದ್ದರು.

ಡಿಸೆಂಬರ್ ಬಂತು. ದುರ್ಗದ ಚಳಿಯನ್ನು ಹೊರಗಿನವರು ನಂಬುವುದಿಲ್ಲ. ಬಯಲ ಗಾಳಿ ಬೀಸಿ, ಕಲ್ಲುಬಂಡೆಗಳೆಲ್ಲ ಕೊರೆಯುತ್ತಿದ್ದ ಬೆಳಗುಗಳು. ಕೀಲಿ ತಿರುಗಿಸಿದರೆ ಕಾರು ಮುದುಕರಂತೆ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಎಣ್ಣೆ ಒಳಗೆ ಗಟ್ಟಿಯಾಗಿ ಕೂತಿರುವಾಗ ಪಾಪ, ಆ ಬ್ಯಾಟರಿ ಎಷ್ಟೆಂದು ತಿರುಗಿಸೀತು? ತಳ್ಳುವುದೊಂದೇ ದಾರಿ. ತಳ್ಳುತ್ತಿದ್ದವರು ಮಾವನವರು, ಜೊತೆಗೆ ಆಚೆಮನೆಯವರು; ಅವರಲ್ಲೊಬ್ಬರು ಸ್ಟೇರಿಂಗ್ ಹಿಡಿಯುತ್ತಿದ್ದರು.

ಒಂದು ದಿನ ಆಚೆಮನೆಯವರು ಊರಲ್ಲಿರಲಿಲ್ಲ. ಕುರಿಮಂದೆ ಹೊಡೆದುಕೊಂಡು ಹೋಗುತ್ತಿದ್ದ ಇಬ್ಬರು ಕಂಬಳಿ ಹೊದ್ದ ಕುರುಬರು ನಿಂತರು.

"ಏನ್ರೀ ಯಜಮಾನ್ರೆ, ಗಾಡಿಗೂ ಚಳಿ ಹಿಡೀತಾ?"

"ಹಿಡದೈತಪ್ಪ. ಒಂಚೂರು ಕೈ ಹಾಕ್ರಿ" ಎಂದ ಮಾವನವರು ನನ್ನ ಕಡೆ ತಿರುಗಿ, "ಇಬ್ಬರ ಕೈಲಿ ಆಗಲ್ಲ, ನಾನೂ ತಳ್ತೀನಿ. ನೀನು ಸ್ಟೇರಿಂಗ್ ಹಿಡ್ಕಂಡು ಕುಂತ್ಕ. ಎಡಗಾಲಾಗೆ ಕ್ಲಚ್ ಒತ್ಕಂಡಿರು. ನಾ ಬಿಡು ಅಂದಾಗ ಬಿಡು" ಎಂದರು.

ಅಲ್ಲಿಯವರೆಗೆ ನಾನು ಸೈಕಲ್ಲನ್ನೂ ಹತ್ತಿದವಳಲ್ಲ. ಸೀರೆ ಮೊಣಕಾಲಿಗೆ ಸುತ್ತಿಕೊಂಡು ಕೂತೆ. ಮೂವರೂ ತಳ್ಳಿದರು. "ಬಿಡು!" ಎಂದರು. ಬಿಟ್ಟೆ. ಕಾರು ಕುಲುಕಿ, ಗುಡುಗುಟ್ಟಿ, ಹೊರಟೇಬಿಟ್ಟಿತು. ನಿಲ್ಲಿಸುವುದು ಹೇಗೆಂದು ಯಾರೂ ಹೇಳಿರಲಿಲ್ಲ. ಎದುರಿಗೆ ರಸ್ತೆ ತುಂಬ ಕುರಿಗಳು. "ನಡೂಕಿಂದು ಒತ್ತಮ್ಮಾ, ನಡೂಕಿಂದು!" ಎಂದು ಮಾವನವರು ಹಿಂದಿನಿಂದ ಕೂಗಿದ್ದು ಕೇಳಿ ನಡುವೆ ಕಾಲಿಗೆ ಸಿಕ್ಕಿದ್ದನ್ನು ಒತ್ತಿದೆ. ಕಾರು ಕುರಿಮಂದೆಯ ಬಾಲದ ಹತ್ತಿರ ನಿಂತಿತು. ಇಂಜಿನ್ನೂ ನಿಂತಿತು.

ಕುರುಬರು ನಗುತ್ತಿದ್ದರು. ನಾನೂ ನಕ್ಕೆ, ಭಯಕ್ಕೆ. ಆದರೆ ಹಿಂತಿರುಗಿ ನೋಡಿದರೆ ಮಾವನವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಕುರುಬರಲ್ಲಿ ಹಿರಿಯರಾದವರು ತಮ್ಮ ಕಂಬಳಿ ತೆಗೆದು ಅವರಿಗೆ ಹೊದಿಸಿ, ಉಸಿರು ಸಮವಾಗುವವರೆಗೆ ಬೆನ್ನು ಸವರುತ್ತ ಕೂತಿದ್ದರು. ಮಂದೆ ಮುಂದೆ ಹೋದರೂ ಎದ್ದು ಹೋಗಲಿಲ್ಲ. ಆ ಕೈಯನ್ನು ನಾನು ಇಂದಿಗೂ ಮರೆತಿಲ್ಲ.

ಆ ಸಂಜೆ ಅತ್ತೆ ಖಡಾಖಂಡಿತವಾಗಿ ಹೇಳಿದರು: "ಇನ್ಮೇಲೆ ನೀವು ಗಾಡಿ ತಳ್ಳಂಗಿಲ್ಲ. ಎಣ್ಣೆ ಬದಲಾಯಿಸ್ರಿ, ಇಲ್ಲಾ ಗಾಡಿ ಮಾರ್ರಿ."

"ತೆಳ್ಳಂದು ಹಾಕಿದ್ರೆ ಬಿಸಿಲಾಗೆ ನೀರಾಗ್ತೈತೆ ಕಣೇ. ಇಂಜಿನ್ ಸುಟ್ಟೋಗ್ತೈತೆ."

"ಈಗ ಬಿಸಿಲೆಲ್ಲೈತೆ? ಚಳಿಗಾಲಕ್ಕೆ ತಲೆಗಚ್ಚೋ ಕೊಬ್ಬರಿ ಎಣ್ಣೇನೇ ಗಟ್ಟಿ ಆಗ್ತೈತೆ ಅಂತ ನಾನು ಬೇರೆ ಎಣ್ಣೆ ತೆಗೀತೀನಿ. ನಿಮ್ಮ ಗಾಡೀಗೆ ಮಾತ್ರ ವರ್ಷವೆಲ್ಲ ಒಂದೇನಾ?"

ಮರುದಿನ ಮಾವನವರು ಗ್ಯಾರೇಜಿನಿಂದ ಮೂವತ್ತು, ನಲವತ್ತು, ಐವತ್ತು ಎಂದು ಮೂರು ನಂಬರಿನ ಎಣ್ಣೆಯನ್ನು ಒಂದಿಷ್ಟಿಷ್ಟು ತಂದರು. ಅತ್ತೆ ಮೂರು ಹಳೇ ಬಟ್ಟಲು ಕೊಟ್ಟರು. ಅವನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು ಮಲಗಿದೆವು. ಬೆಳಿಗ್ಗೆ ಮೂವರೂ ಶಾಲು ಹೊದ್ದು ಕಟ್ಟೆಯ ಸುತ್ತ ನಿಂತೆವು. ಅತ್ತೆ ಚಮಚೆಯಲ್ಲಿ ಒಂದೊಂದನ್ನೂ ಎತ್ತಿ ಸುರಿದರು. ಐವತ್ತನೆಯದು ಚಮಚೆ ಬಿಟ್ಟು ಇಳಿಯಲೊಲ್ಲದು. ನಲವತ್ತು ಸೋಮಾರಿಯಂತೆ ಇಳಿಯಿತು. ಮೂವತ್ತು ದಾರ ಬಿಟ್ಟಂತೆ ಸರಸರನೆ ಹರಿಯಿತು. ಮಾವನವರು ಮೂವತ್ತನ್ನು ಬೆರಳಿಗೆ ತಗೊಂಡು ತುಂಬ ಹೊತ್ತು ಉಜ್ಜಿದರು.

"ಹಾಕಾಣ. ಆದ್ರೆ ಮಧ್ಯಾಹ್ನದ ಹೊತ್ತಿನಾಗೆ ದೂರ ಓಡಿಸಿ ನೋಡ್ದೆ ನಾ ನಂಬಲ್ಲ."

ಮೂವತ್ತನೇ ನಂಬರು ಹಾಕಿಸಿ, ಆ ಭಾನುವಾರ ನಾವೆಲ್ಲ ಹಿರಿಯೂರಿನ ಕಡೆ ಹೊರಟೆವು. ನಮ್ಮವರೂ ಇದ್ದರು. ಹಿರಿಯೂರು ದಾಟಿ ಆದಿವಾಲದವರೆಗೆ ಹೋದೆವು. ಮಾವನವರು ರಸ್ತೆಗಿಂತ ಹೆಚ್ಚಾಗಿ ಎಣ್ಣೆಯ ಒತ್ತಡ ಇಳಿದರೆ ಹತ್ತುವ ಕೆಂಪು ದೀಪವನ್ನೇ ನೋಡುತ್ತಿದ್ದರು. ಅದು ಹತ್ತಲಿಲ್ಲ. ಆದಿವಾಲದಲ್ಲಿ ಮರದ ನೆರಳಿಗೆ ನಿಲ್ಲಿಸಿ, ಇಂಜಿನ್ನಿನ ಮುಚ್ಚಳ ತೆಗೆದು, ಎಣ್ಣೆಯ ಕಡ್ಡಿ ಎಳೆದು ಮೂಸಿದರು. ಸುಟ್ಟ ವಾಸನೆ ಇರಲಿಲ್ಲ. ಅವರ ಮುಖದಲ್ಲಿ ಮೊದಲ ಸಲ ನಿರಾಳ ಕಂಡಿತು. "ಶಿವರಾತ್ರಿವರೆಗೆ ಇದೇ ಇರ್ಲಿ. ಆಮೇಲೆ ಬಿಸಿಲಿಗೆ ಮತ್ತೆ ಮಂದಂದು" ಎಂದರು. ಅತ್ತೆ ಚಿತ್ರಾನ್ನದ ಡಬ್ಬಿ ಬಿಚ್ಚಿದರು.

ಮರುದಿನ ಬೆಳಿಗ್ಗೆ ಕಾರು ಎರಡನೇ ಸಲಕ್ಕೇ ಹೊರಟಿತು. ತಳ್ಳುವ ಕೆಲಸ ತಪ್ಪಿತು. ಆದರೆ ಕುರಿಗಳ ಮುಂದಿನ ಆ ಸಾಹಸ ಮಾವನವರ ತಲೆಯಲ್ಲಿ ಉಳಿದಿತ್ತು. "ಅವತ್ತು ನೀನು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದಿದ್ದೆ ನೋಡು. ಕಲ್ತರೆ ನಿನಗೆ ಬರ್ತೈತೆ" ಎಂದು ಊರಾಚೆಯ ಬಯಲಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಗೇರು ಕಿರುಗುಟ್ಟಿದರೂ ಒಂದು ದಿನವೂ ಗದರಲಿಲ್ಲ. ನನ್ನ ಸ್ವಂತ ಅಪ್ಪ ಸೈಕಲ್ಲಿಗೂ ಬೇಡ ಎಂದವರು. ಇವರು ಕಾರಿನ ಕೀಲಿ ಕೈಗಿಟ್ಟರು.

ಲೈಸೆನ್ಸ್ ಸಿಕ್ಕ ಮೇಲೆ ಮೊದಲ ಸಲ ಒಬ್ಬಳೇ ಹೊಳಲ್ಕೆರೆಗೆ ಹೋಗಿ ಬಂದ ಸಂಜೆ ಇಬ್ಬರೂ ಗೇಟಿನ ಹತ್ತಿರ ನಿಂತಿದ್ದರು. ಮಾವನವರು ಗಾಡಿಯ ಹಿಂದಕ್ಕೆ ಹೋಗಿ ಇಂಜಿನ್ನಿನ ಮುಚ್ಚಳ ಮುಟ್ಟಿ ನೋಡಿದರು. ಅತ್ತೆ ಬಾಗಿಲು ತೆಗೆದು ಮುಂದೆ ನನ್ನ ಪಕ್ಕ ಕೂತುಬಿಟ್ಟರು.

"ಇಷ್ಟು ವರ್ಷ ಹಿಂದೇನೇ ಕುಂತಿದೀನಿ. ಇವತ್ತು ಮುಂದೆ ಕುಂತ್ಕಂಡು ಕೋಟೆವರೆಗೆ ಹೋಗಿ ಬರಾಣ. ನಿಮ್ಮ ಮಾವ ಬೇಕಾದ್ರೆ ಹಿಂದೆ ಬರ್ಲಿ."

ಮಾವನವರು ಹಿಂದೆ ಹತ್ತಿದರು. ನಾನು ಗಾಡಿಯನ್ನು ಕೋಟೆಯ ಕಡೆ ತಿರುಗಿಸಿದೆ.