ತಂತಿಗೆ ನೀರು ಕುಡಿಸಿದವಳು

ಊರ ಬಾವಿಯ ನೀರನ್ನು ಊರಿನವರೆಲ್ಲ ಸೇದುವಂತಿಲ್ಲ. ಇದು ನಿಮಗೆ ಗೊತ್ತು. ಗೊತ್ತಿದ್ದೂ ಬೆಳಿಗ್ಗೆ ಎದ್ದು ಅದೇ ಬಾವಿಯ ನೀರಿನಲ್ಲಿ ಮುಖ ತೊಳೆದುಕೊಂಡು, ಈ ಪತ್ರಿಕೆ ಹಿಡಿದು ಕೂತಿದ್ದೀರಿ. ಕೂತುಕೊಳ್ಳಿ. ಪಕ್ಕೀರವ್ವನ ವಿಷಯ ಹೇಳುತ್ತೇನೆ.

ತಳಕಲ್ಲಿನಿಂದ ಒಂದು ಹರದಾರಿ ಆಚೆ, ಎರೆಹೊಲಗಳ ನಡುವೆ ಒಂದು ಊರಿದೆ. ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಊರಿನವರು ನಮಗೇನು ಸಂಬಂಧ ಎಂದು ಹಾಳೆ ತಿರುವುತ್ತೀರಿ. ಆ ಊರ ಕೇರಿಯ ಕಡೆಯ ಗುಡಿಸಲು ಪಕ್ಕೀರವ್ವನದು. ಗಂಡ ಮಾರೆಪ್ಪ ಒಳ್ಳೆಯ ದುಡಿತಗಾರ, ಆದರೆ ಬೇಸಿಗೆ ಬಂತೆಂದರೆ ಕಾಲಿಗೆ ನಾರುಹುಣ್ಣು. ದಾರದಂಥ ಹುಳ ಚರ್ಮ ಒಡೆದು ಹೊರಗೆ ಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತ, ಕಾಲು ಚಾಚಿ ಬಾಗಿಲಲ್ಲಿ ಕೂತಿರಬೇಕು. ಹುಳ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದವರಿಗೆ ಆಗಲೇ ಗೊತ್ತಿತ್ತು: ನಿಂತ ನೀರು ಕುಡಿಯುವುದರಿಂದ. ಊರ ಬಾವಿಯಿಂದ ಯಾರಾದರೂ ಹೊಯ್ದರೆ ಒಂದು ಕೊಡ, ಉಳಿದಂತೆ ಕೇರಿಯವರು ಕುಡಿಯುತ್ತಿದ್ದದ್ದು ಹಳ್ಳದ ಹೊಂಡದ ನೀರು. ಮಂದಿ ಕಾಲಿಟ್ಟು ಇಳಿದು ತುಂಬಿಕೊಳ್ಳುವ ಹೊಂಡ. ಬೇಸಿಗೆಯಲ್ಲಿ ತಳದ ರಾಡಿ. ಊರ ಬಾವಿಯ ಕಲ್ಲಿನ ಕಟ್ಟೆಯನ್ನು ಅವರು ದೂರದಿಂದ ನೋಡಬಹುದಿತ್ತು. ನೋಡುವುದಕ್ಕೆ ಯಾರೂ ಬೇಡ ಅಂದಿರಲಿಲ್ಲ.

೧೯೩೮ರ ದೀಪಾವಳಿ ಕಳೆದ ಮೇಲೆ ಹೈದರಾಬಾದಿನಿಂದ ಸರಕಾರಿ ಮಂದಿ ಬಂದರು. ಕುಷ್ಟಗಿಯಿಂದ ಈ ಊರಿನವರೆಗೆ ಕಂಬ ನೆಟ್ಟು ಒಂದೇ ಒಂದು ತಂತಿ ಎಳೆದರು. ಖಜಾನೆಯ ದುಡ್ಡಿನಲ್ಲಿ, ಎಂದರೆ ನೀವು ನಾವು ಹೊಲಕ್ಕೆ ಕಟ್ಟಿದ ಕಂದಾಯದ ಸಾರಾದಲ್ಲಿ ನಡೆಯುವ ಸಂಶೋಧನೆ ಅದು. ಸುದ್ದಿ ಹೋಗಲು ಒಂದು ತಂತಿ, ತಿರುಗಿ ಬರಲು ಇನ್ನೊಂದು ತಂತಿ ಎಂದು ಎರಡೆಳೆ ಎಳೆಯುವುದು ದುಬಾರಿ. ತಿರುಗಿ ಬರುವ ದಾರಿಯನ್ನು ನೆಲಕ್ಕೇ ಬಿಟ್ಟರೆ ಅರ್ಧ ತಂತಿ ಉಳಿಯುತ್ತದೆ. ಹಸಿ ನೆಲದಲ್ಲಿ ಇದು ಸಾಧ್ಯ ಎಂಬುದು ಅವರಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನಮ್ಮ ಎರೆನೆಲದಲ್ಲಿ ಸಾಧ್ಯವೇ ಎಂಬುದು ಪ್ರಶ್ನೆ.

ಹಳ್ಳದ ದಂಡೆಯಲ್ಲಿ, ಕೇರಿಗೆ ಹತ್ತಿದ, ಬೀಳುಬಿದ್ದ ಪಡ ಜಾಗದಲ್ಲಿ ಒಂದು ತಗಡಿನ ಷೆಡ್ಡು ಎದ್ದಿತು. ಅದರ ಹಿಂದೆ ಆಳುದ್ದ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಿಲು ಉಪ್ಪು ತುಂಬಿ, ಮೇಲೆ ಮಣ್ಣು ಮುಚ್ಚಿದರು. ತಂತಿಯ ತುದಿ ಆ ತಗಡಿಗೆ. ಷೆಡ್ಡಿನೊಳಗೆ ಮಕ್ಬುಲಸಾಬ ಎಂಬ ಕುಷ್ಟಗಿಯ ಗುಮಾಸ್ತ. ದಿನಾ ಹೊತ್ತೇರುವ ಮುಂಚೆ ಕುಷ್ಟಗಿಯಿಂದ ಒಂದೇ ಸಮ ಗುಂಯ್ ಎನ್ನುವ ದನಿ ಕಳಿಸುತ್ತಿದ್ದರು. ಇವನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಎಲ್ಲೋ ದೂರದ ಗುಡುಗು ಮಿಂಚಿನಿಂದ ತಂತಿಯಲ್ಲಿ ಏಳುವ ಚರಚರದ ನಡುವೆ ಆ ದನಿ ಎಷ್ಟು ಗಟ್ಟಿ ಬಂತು ಎಂದು ಯಂತ್ರದ ಮುಳ್ಳು ನೋಡಿ ಬರೆದಿಡಬೇಕು. ಗುಂಡಿ ಒಣಗಿದರೆ ದನಿ ಸತ್ತಂತೆ. ಆದ್ದರಿಂದ ದಿನಾ ನಸುಕಿನಲ್ಲಿ ಗುಂಡಿಗೆ ನೀರು ಹಾಕಲು ಒಬ್ಬರು ಬೇಕಾದರು. ಗುಂಡಿ ಕೇರಿಗೆ ಹತ್ತಿರ, ಕೆಲಸ ರಾಡಿಯದು. ಊರ ಗೌಡ ಪಕ್ಕೀರವ್ವನನ್ನು ಕರೆಸಿದ.

“ಎಲ್ಲಾರ ಹೆಂಡ್ರು ಗಂಡಗ ನೀರ ಕುಡಸ್ತಾರ, ನನ್ನ ಹೇಣ್ತಿ ತಂತಿಗೆ ಕುಡಸ್ತಾಳ ನೋಡ್ರಿ” ಎಂದು ಮಾರೆಪ್ಪ ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

“ತಂತಿ ನಿನ್ನಂಗ ಕಾಲ ಚಾಚಿಕೊಂಡು ಕುಂದರೂದಿಲ್ಲ. ಕುಷ್ಟಗಿತನಕ ಹೋಗಿ ಬರತೈತಿ” ಎನ್ನುತ್ತಿದ್ದಳು ಅವಳು.

ಸಾಹೇಬ ಒಂದು ಮಾತು ಕೊಟ್ಟಿದ್ದ. ಹೈದರಾಬಾದಿನ ದೊಡ್ಡ ಸಾಹೇಬ. ಕೆಟ್ಟವನಲ್ಲ, ತನ್ನ ಕೆಲಸದ ಮೇಲೆ ಜೀವ ಇಟ್ಟುಕೊಂಡವನು. ಬೇಸಿಗೆಯುದ್ದಕ್ಕೂ ದನಿ ಬೀಳದೆ ನಿಂತರೆ ಇಲ್ಲಿ ಕಾಯಂ ತಂತಿಮನೆ ಆಗುತ್ತದೆ, ಗುಂಡಿಗೆ ವರ್ಷಪೂರ್ತಿ ನೀರು ಬೇಕಾಗುತ್ತದೆ, ಪಕ್ಕದಲ್ಲೇ ಸರಕಾರಿ ಬಾವಿ ತೋಡಿಸುತ್ತೇವೆ ಅಂದಿದ್ದ. ಆ ಮಾತನ್ನು ಮಕ್ಬುಲಸಾಬ ಉರ್ದುವಿನಿಂದ ಕನ್ನಡಕ್ಕೆ ತಂದು ಹೇಳಿದಾಗ ಪಕ್ಕೀರವ್ವ ಕೇಳಿದ್ದು ಒಂದೇ.

“ಸಾಬ್ರ, ಸರಕಾರದ ಬಾಂವಿ ಅಂದ್ರ ಹಗ್ಗ ಯಾರ ಕೈಯಾಗ ಇರತೈತ್ರಿ?”

“ಸರಕಾರದ ಆಳಿನ ಕೈಯಾಗ. ಅಂದ್ರ ನಿನ್ನ ಕೈಯಾಗ.”

ಅವಳು ಮನೆಗೆ ಹೋಗಿ ಗಂಡನ ಕಾಲಿನ ಹಳೆಯ ಹುಣ್ಣಿನ ಕಲೆ ನೋಡಿಕೊಂಡು ಕೂತಳಂತೆ. ಈ ಬೇಸಿಗೆ ದಾಟಿದರೆ ಮುಂದಿನ ಬೇಸಿಗೆಗೆ ಹೊಂಡದ ನೀರು ಕುಡಿಸಬೇಕಿಲ್ಲ ಎಂದು. ಹುಳಕ್ಕೂ ನೀರಿಗೂ ಸಂಬಂಧ ಉಂಟೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆ ರಾಡಿ ಕುಡಿದು ಮನುಷ್ಯ ನೆಟ್ಟಗಿರುವುದಿಲ್ಲ ಎಂಬಷ್ಟು ಅವಳಿಗೇ ತಿಳಿದಿತ್ತು.

ಆದರೆ ಅಲ್ಲಿಯವರೆಗೆ ಗುಂಡಿಗೆ ನೀರೆಲ್ಲಿಂದ? ಹೊಂಡದ್ದನ್ನು ಸುರಿದರೆ ಕೇರಿಯ ಮಕ್ಕಳು ಏನು ಕುಡಿಯಬೇಕು? ಊರ ಬಾವಿಯದೇ ಬೇಕು. ಬಾವಿಗೆ ಅವಳು ಕೈ ಹಚ್ಚುವಂತಿಲ್ಲ. ಕೊಡಗಳನ್ನು ಕೆಳಗಿಟ್ಟು ಸರಿದು ನಿಲ್ಲಬೇಕು. ಯಾರಾದರೂ ಮನಸ್ಸು ಬಂದು ಮೇಲಿನಿಂದ ಹೊಯ್ಯಬೇಕು. ಗೌಡನ ಹುಕುಂ ಇದ್ದದ್ದರಿಂದ ಅವನ ತಂಗಿ ಪಾರ್ವತೆಮ್ಮ ಹೊಯ್ಯುತ್ತಿದ್ದಳು.

“ಏ ಪಕ್ಕೀರಿ, ಇನ್ನಷ್ಟ ಸರಿ. ನೆಳ್ಳ ಬೀಳತೈತಿ. ನಿನ್ನ ತಂತಿಗೆ ಹೊಟ್ಟಿ ಎಷ್ಟ ದೊಡ್ಡದೈತೆ? ನಮ್ಮ ಎಮ್ಮಿಕಿಂತ ಹೆಚ್ಚಿಗಿ ಕುಡೀತೈತಿ. ಹಾಲರ ಕೊಡತೈತೇನ?”

“ಸುದ್ದಿ ಕೊಡತೈತಂತ್ರಿ ಅವ್ವಾರ.”

“ಸುದ್ದಿ ನಮ್ಮಲ್ಲೇ ಭಾಳ ಅದಾವ ತಗೋ, ಕುಷ್ಟಗಿಗೆ ನಾವ ಕಳಸೋಣು!”

ಬಾವಿಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಪಕ್ಕೀರವ್ವನೂ ನಕ್ಕಳು. ನಗಬೇಕು. ನಗದಿದ್ದರೆ ಕೊಡ ತುಂಬುವುದಿಲ್ಲ.

ಇನ್ನು ಆ ಊರಿನ ಒಂದು ಪದ್ಧತಿ. ಅಮಾವಾಸ್ಯೆಯ ದಿನ ಅಲ್ಲಿ ಬಾವಿಗೆ ಪೂಜೆ. ಕಟ್ಟೆ ತೊಳೆದು ವಿಭೂತಿ ಕುಂಕುಮ ಹಚ್ಚಿ ಎಡೆ ಇಡುತ್ತಾರೆ. ಅಂದು ಹೊತ್ತು ಮುಳುಗುವವರೆಗೆ ಬಾವಿಯ ನೀರು ದೇವರಿಗೆ ಮತ್ತು ಊರಿಗೆ. ಕೇರಿಗೆ ಒಂದು ಹನಿಯೂ ಹೊಯ್ಯುವಂತಿಲ್ಲ. ಚಳಿಗಾಲದಲ್ಲಿ ಒಂದು ದಿನ ತಪ್ಪಿದರೂ ಗುಂಡಿಯ ಹಸಿ ಆರುತ್ತಿರಲಿಲ್ಲ. ಶಿವರಾತ್ರಿ ಕಳೆದು ನೆಲ ಬಿರಿದ ಮೇಲೆ, ಹಿಂದಿನ ದಿನ ಹಾಕಿದ್ದೆಲ್ಲ ಬಿರುಕಿನಲ್ಲಿ ಇಳಿದುಹೋಗತೊಡಗಿತು. ಒಂದು ನಸುಕು ನೀರು ತಪ್ಪಿತೆಂದರೆ ಅಂದು ತಾಮ್ರದ ತಗಡಿಗೂ ಮಣ್ಣಿಗೂ ಸಂಬಂಧವೇ ಇಲ್ಲ.

ಪಕ್ಕೀರವ್ವ ಮಕ್ಬುಲಸಾಬನಿಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಅವನಿಗೆ ಸಂಜೆಯ ಹರಟೆ ಗೌಡನ ಕಟ್ಟೆಯ ಮೇಲೆ. ಇಲ್ಲಿ ಆಡಿದ್ದು ಅಲ್ಲಿ ಮುಟ್ಟುತ್ತದೆ. ಹಿಂದಿನ ವರ್ಷ ಕೇರಿಯ ದುರುಗವ್ವ ಎಂಬಾಕೆ ಯಲಬುರ್ಗಿಯಿಂದ ಬಂದ ಅಧಿಕಾರಿಯ ಮುಂದೆ, ನಮಗೆ ಬಾವಿಯ ನೀರು ಸರಿಯಾಗಿ ಹಾಕುವುದಿಲ್ಲ ಎಂದು ಬಾಯಿಬಿಟ್ಟಿದ್ದಳು. ಅಧಿಕಾರಿ ಕುದುರೆ ಹತ್ತಿ ಹೋದ. ಆ ವಾರವೆಲ್ಲ ಬಾವಿಯಲ್ಲಿ ಕೇರಿಯ ಒಂದು ಕೊಡವೂ ತುಂಬಲಿಲ್ಲ. ದುರುಗವ್ವನೇ ಕಟ್ಟೆಯ ಮುಂದೆ ಅಡ್ಡಬಿದ್ದು ತಪ್ಪಾಯಿತು ಅನ್ನಬೇಕಾಯಿತು.

ಹೀಗಾಗಿ ಪಕ್ಕೀರವ್ವ ಒಂದು ಉಪಾಯ ಮಾಡಿದಳು. ಅಮಾವಾಸ್ಯೆಯ ನಸುಕಿನಲ್ಲಿ ಮನೆಯ ಕುಡಿಯುವ ನೀರಿನಲ್ಲೇ ಒಂದು ತಂಬಿಗೆ ತಂದು ಗುಂಡಿಯ ಮೇಲ್ಮಣ್ಣಿಗೆ ಚಿಮುಕಿಸಿ, ಕೈಯಿಂದ ಸವರಿ, ಹಸಿ ಕಾಣುವಂತೆ ಮಾಡುತ್ತಿದ್ದಳು. ಒಂದು ದಿನ ದನಿ ಬಿದ್ದರೆ ಏನು, ಮರುದಿನ ಮತ್ತೆ ಏಳುತ್ತದಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು.

ಗೊತ್ತಾಯಿತು. ಸಾಹೇಬ ಚೈತ್ರದಲ್ಲಿ ಬಂದು ಮಕ್ಬುಲಸಾಬ ಬರೆದಿಟ್ಟ ಮುಳ್ಳಿನ ಏರಿಳಿತ ನೋಡಿದವನೇ ತಡೆದು ನಿಂತ. ದಿನಾ ಗಟ್ಟಿ ಬರುವ ದನಿ ತಿಂಗಳಿಗೊಮ್ಮೆ ಪಾತಾಳಕ್ಕೆ ಬೀಳುತ್ತದೆ. ಯಾವ ದಿನಗಳಿವು? ಗೌಡ ಬೆರಳು ಮಡಿಸಿ ಎಣಿಸಿದ. “ಅಮಾಸಿ, ಸಾಹೇಬ್ರ. ಬರೋಬರಿ ಅಮಾಸಿ ದಿನಾನ ಬೀಳಾಕತ್ತೈತಿ.” ಬಾವಿಯ ಪದ್ಧತಿ ಆಗ ಅವನಿಗೆ ಹೊಳೆಯಲಿಲ್ಲ ಎಂದು ಅವನ ಮನೆಯವರು ಇವತ್ತಿಗೂ ಹೇಳುತ್ತಾರೆ. ಹೊಳೆಯದೇ ಇರುವುದು ಎಷ್ಟು ಅನುಕೂಲ ನೋಡಿ! ಸಾಹೇಬನ ಮುಖ ಅರಳಿತು. ಚಂದ್ರನಿಲ್ಲದ ದಿನ ಸಮುದ್ರ ಅಲುಗುವಂತೆ ನೆಲದೊಳಗಿನ ಹಸಿಯೂ ಅಲುಗುತ್ತದೆಯೋ ಏನೋ! ಬರುವ ಅಮಾವಾಸ್ಯೆಗೆ ತಾನೇ ನಿಂತು ಪರೀಕ್ಷೆ ಮಾಡುತ್ತೇನೆ ಅಂದ.

ಆ ಅಮಾವಾಸ್ಯೆಯ ಹಿಂದಿನ ಸಂಜೆ ಪಕ್ಕೀರವ್ವ ಬಾವಿಕಟ್ಟೆಯ ಕೆಳಗೆ ಸೆರಗೊಡ್ಡಿ ನಿಂತಳು.

“ಎವ್ವಾ, ನಾಳಿ ಒಂದ ದಿನ ಹಾಕ್ರಿ. ಹೈದರಾಬಾದಿನ ಸಾಹೇಬ್ರ ಬರ್ತಾರ.”

“ಸಾಹೇಬ ಬರಲಿ, ಅವರಪ್ಪ ಬರಲಿ. ಬಾಂವಿಗೆ ಅಮಾಸಿ ಅಂದ್ರ ಅಮಾಸಿನ.”

“ಹಂಗಾರ ಈಗ ಎರಡ ಕೊಡಾ ಹೆಚ್ಚಿಗಿ ಹೊಯ್ರಿ, ಇಟಗೊಂಡಿರತೀನಿ.”

ಪಾರ್ವತೆಮ್ಮ ಹಗ್ಗ ಸುತ್ತುತ್ತಿದ್ದಳು. “ಇಟಗೊಂಡಿದ್ದು ಹಾಕಿದ್ರ ಅಮಾಸಿ ದಿನ ಕೇರಿಗೆ ನೀರ ಕೊಟ್ಟಂಗಾತಲ್ಲ? ನಮ್ಮ ಮನಿ ಹಾಳಾಗಲೇನ? ಹೋಗ, ಕತ್ತಲಾತು.”

ಮರುದಿನ ಸಾಹೇಬ ಹೊತ್ತು ಮೂಡುವ ಮುನ್ನವೇ ಗೌಡನ ಜೊತೆ ಷೆಡ್ಡಿಗೆ ಬಂದ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ. ಎಲ್ಲೋ ಪಾತಾಳದಲ್ಲಿ ನೊಣ ಗುಂಯ್ಗುಟ್ಟಿದಂತೆ ಅಷ್ಟೆ. ಎದ್ದು ಗುಂಡಿಗೆ ಬಂದು ಬೆತ್ತದ ತುದಿಯಿಂದ ಮಣ್ಣು ಕೆದರಿದ. ಹಸಿಯಾಗಿತ್ತು, ಪಕ್ಕೀರವ್ವ ಅಂದೂ ನಸುಕಿಗೇ ತಂಬಿಗೆ ಚಿಮುಕಿಸಿದ್ದಳು. ಇನ್ನೊಂದು ಗೇಣು ಕೆದರಿದ್ದರೆ! ಕೆದರಲಿಲ್ಲ. ಪಕ್ಕೀರವ್ವನ ಕಡೆ ತಿರುಗಿ ಏನೋ ಕೇಳಿದ.

“ಇವತ್ತ ನೀರ ಹಾಕಿಯೇನು, ಪಕ್ಕೀರವ್ವ? ಖರೇ ಹೇಳ ಅಂತಾರ ಸಾಹೇಬ್ರು” ಎಂದ ಮಕ್ಬುಲಸಾಬ.

ಸಾಹೇಬನ ಹಿಂದೆ ಗೌಡ ನಿಂತಿದ್ದ. ಅವನೇನೂ ಕಣ್ಣು ಬಿಡಲಿಲ್ಲ, ಗದರಲಿಲ್ಲ. ಸುಮ್ಮನೆ ನಿಂತಿದ್ದ. ಅಷ್ಟು ಸಾಕು. ಹಾಕಿಲ್ಲ ಅಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂಬುದಕ್ಕೆ ಇದ್ದ ಉತ್ತರದಲ್ಲಿ ಗೌಡನ ಮನೆಯ ಹೆಸರಿತ್ತು.

“ಹಾಕೇನ್ರೀ” ಅಂದಳು.

ಸರಕಾರಿ ಬಾವಿ ಕೈತಪ್ಪಿ ಹೋದದ್ದು ಆ ಒಂದು ಮಾತಿಗೆ. ನೀರು ಹಾಕಿದರೂ ಅಮಾವಾಸ್ಯೆಗೆ ದನಿ ಬೀಳುತ್ತದೆ, ಚಂದ್ರನ ಪ್ರಭಾವ ಇರಬೇಕು, ಮುಂದೆ ಯಾರಾದರೂ ವಿಚಾರಿಸಬೇಕು. ಸದ್ಯಕ್ಕೆ ಈ ನೆಲ ನಂಬುವಂಥದ್ದಲ್ಲ ಎಂದು ಸಾಹೇಬ ತೀರ್ಮಾನಿಸಿದ. ಹೊಳೆಯ ತೇವವಿರುವ ಗಂಗಾವತಿಯ ಕಡೆಗೆ ಪ್ರಯೋಗವನ್ನು ಒಯ್ಯಲು ಅಪ್ಪಣೆಯಾಯಿತು. ನೆಲಕ್ಕೆ ಕೆಟ್ಟ ಹೆಸರು ಬಂತು! ಎಷ್ಟು ಕುಡಿಸಿದರೆ ಅಷ್ಟು ದನಿ ಹೊತ್ತು ತಂದ ನೆಲ ಅದು. ನಂಬಲು ಬಾರದ್ದು ಮೇಲೆ ನಿಂತವರ ಜಾತಿಯಾಗಿತ್ತು.

ಷೆಡ್ಡು ಬಿಚ್ಚುವ ದಿನ ಅವಳು ಮಕ್ಬುಲಸಾಬನ ಮುಂದೆ ಎಲ್ಲವನ್ನೂ ಹೇಳಿದಳು.

“ಮೊದಲ ಯಾಕ ಹೇಳಲಿಲ್ಲವಾ ತಾಯಿ?”

“ಹೇಳಿದ್ರ ಮರುದಿನ ನೀರ ಯಾರ ಹಾಕ್ತಿದ್ರು ಸಾಬ್ರ? ನೀವ ಹಾಕ್ತಿದ್ರೇನು?”

ಮಕ್ಬುಲಸಾಬನಾದರೂ ಸಾಹೇಬನಿಗೆ ತಿಳಿಸಬಹುದಿತ್ತು. ಗೌಡನ ಮನೆಯ ಹಾಲು ಕುಡಿದವನು, ತನ್ನ ಚಾಕರಿ ನೋಡಿಕೊಂಡವನು. ಸಾಮಾನು ಗಾಡಿಗೆ ಹೇರಿಸಿಕೊಂಡು ಹೋದ. ಮೊನ್ನೆ ಕುಷ್ಟಗಿಯಲ್ಲಿ ನನ್ನ ಮುಂದೆ ಕೂತು ಅತ್ತ. ಅಳಲಿ. ಹತ್ತು ವರ್ಷ ತಡ.

ಆ ಬೇಸಿಗೆ ಮಾರೆಪ್ಪನ ಕಾಲಿನ ಹುಳ ಅರ್ಧಕ್ಕೆ ಹರಿಯಿತು. ಹರಿದ ಹುಳ ಒಳಗೆ ಉಳಿದರೆ ಕಾಲು ಕೊಳೆಯುತ್ತದೆ. ತೊಡೆಯವರೆಗೆ ಬಾವು ಏರಿ ಮೈ ಸುಡತೊಡಗಿದಾಗ ಅವನು ಕೇಳಿದ್ದೆಲ್ಲ ನೀರು.

“ತಂತಿಗೆ ಹಾಕಿದಷ್ಟ ನನಗ ಹಾಕಿದ್ದಿದ್ರ ನಾನೂ ಕುಷ್ಟಗಿತನಕ ಹೋಗಿ ಬರ್ತಿದ್ನೆಲ್ಲ” ಎಂದು ನಗಿಸಲು ನೋಡಿದನಂತೆ. ಹೊಂಡದಲ್ಲಿ ಉಳಿದಿದ್ದ ರಾಡಿಯನ್ನೇ ಸೆರಗಿನಲ್ಲಿ ಸೋಸಿ ಅವಳು ಕುಡಿಸಿದಳು. ಮುಂಗಾರು ಬೀಳುವ ಮೊದಲು ಸತ್ತ.

ನಿಜಾಮರ ಸರಕಾರ ಹೋಗಿ ಈಗ ನಮ್ಮದು ಬಂದಿದೆ ಎನ್ನುತ್ತೀರಿ. ಕಳೆದ ತಿಂಗಳು ಆ ಊರಿಗೆ ಹೋಗಿದ್ದೆ. ಪಡ ಜಾಗದಲ್ಲಿ ಜಾಲಿ ಬೆಳೆದಿದೆ. ತಲೆ ನೆರೆತ ಪಕ್ಕೀರವ್ವ ಊರ ಬಾವಿಯಿಂದ ಅಷ್ಟು ದೂರದಲ್ಲಿ ಕೊಡ ಕೆಳಗಿಟ್ಟು ನಿಂತಿದ್ದಳು. ನಾನು ಪತ್ರಿಕೆಗೆ ಬರೆಯುವವನು ಎಂದು ಹೇಳಿದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು:

“ಆ ಸಾಹೇಬ್ರು ಮತ್ತ ಬರ್ತಾರೇನ್ರಿ ಯಪ್ಪಾ? ಬಂದ್ರ ಈ ಸಲ ಖರೇ ಹೇಳತೀನಿ. ನನ್ನವರ ಹೋದ್ರು, ಇನ್ನ ಯಾರ ಸಲುವಾಗಿ ಅಂಜಲಿ?”

ಸಾಹೇಬ ಬರುವುದಿಲ್ಲ. ಅವನಿಗೆ ಉತ್ತರ ಸಿಕ್ಕಾಗಿದೆ, ಅದು ಚಂದ್ರನ ಹೆಸರಿನಲ್ಲಿದೆ. ಅವಳ ಖರೇ ಮಾತು ಈಗ ಬಂದು ಮುಟ್ಟಿರುವುದು ನಿಮಗೆ. ಅಯ್ಯೋ ಪಾಪ ಅನ್ನಬೇಡಿ. ಹೊಸ ಸರಕಾರಕ್ಕೆ ಅರ್ಜಿ ಬರೆಯುತ್ತೇನೆ ಎಂದು ಕೂರಬೇಡಿ. ಅವಳಿಗೆ ಒಂದು ಕೊಡ ಹೆಚ್ಚು ಹೊಯ್ಯುವುದೂ ಬೇಡ, ಆ ದೊಡ್ಡತನ ಸಾಕು. ನಾಳೆ ಬೆಳಿಗ್ಗೆ ನಿಮ್ಮೂರ ಬಾವಿಗೆ ಹೋಗಿ, ದೂರ ನಿಂತವಳನ್ನು ಕಟ್ಟೆಯ ಮೇಲೆ ಕರೆಯಿರಿ, ಹಗ್ಗ ಅವಳ ಕೈಗೆ ಕೊಟ್ಟು ನೀವು ಸರಿದು ನಿಲ್ಲಿ.